ಕಾವಲಿ ಕೊಟ್ಟ ಶ್ರುತಿ

ಮೊನ್ನೆ ಮೊದಲ ಮಳೆ ಬಿದ್ದ ಸಂಜೆ ಅಟ್ಟದಿಂದ ಹಾರ್ಮೋನಿಯಂ ಇಳಿಸಿದೆ. ಬೇಸಿಗೆಯಲ್ಲಿ ಊರಿಗೆ ಹೋಗುವಾಗ ಅದನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ಮೇಲಿಟ್ಟಿದ್ದೆವು. ಮುಚ್ಚಳ ತೆರೆದ ಕೂಡಲೇ ನುಸಿಗುಳಿಗೆಯ ವಾಸನೆ ಮುಖಕ್ಕೆ ಬಡಿಯಿತು. ಬೇರೆಯವರಿಗೆ ಆ ವಾಸನೆಯಿಂದ ಮದುವೆಯ ಸೀರೆಯೋ ಹಳೆಯ ಕೋಟೋ ನೆನಪಾಗಬಹುದು. ನನಗೆ ನೆನಪಾಗುವುದು ಒಂದು ಮಳೆಗಾಲ. ಹೋದ ಸ್ವರ ತಿರುಗಿ ಬಂದ ಮಳೆಗಾಲ ಎಂದು ನಮ್ಮವರು ಹೇಳುತ್ತಾರೆ. ಅದು ಸರಿಯಲ್ಲ. ಹೋದದ್ದು ಹೋಯಿತು. ಅದರ ಜಾಗಕ್ಕೆ ಇನ್ನೊಂದು ಬಂತು.

ನಾನು ಓದಿದ್ದು ಏಳನೆಯ ಕ್ಲಾಸು. ಕಾರ್ಕಳದ ಕಡೆಯಿಂದ ಮುಂಬಯಿಗೆ ಬಂದು ಮಾಟುಂಗದ ಒಂದು ಹೋಟೆಲಿನಲ್ಲಿ ಟೇಬಲ್ ಒರೆಸಿದೆ, ಆಮೇಲೆ ಚಟ್ನಿ ಅರೆದೆ, ಆಮೇಲೆ ದೋಸೆಯ ಕಾವಲಿಯ ಮುಂದೆ ನಿಂತೆ. ಈಗ ವಿಕ್ರೋಳಿಯ ಕಾರ್ಖಾನೆಯೊಂದರ ಕ್ಯಾಂಟೀನು ನಡೆಸುತ್ತಿದ್ದೇನೆ. ಅದು ಯಾರ ಶಿಫಾರಸಿನಿಂದಲೂ ಬಂದದ್ದಲ್ಲ, ಈ ಎರಡು ಕೈಗಳಿಂದ ಬಂದದ್ದು. ಇದನ್ನು ಹೇಳುವಾಗ ಎದೆ ಸ್ವಲ್ಪ ಮುಂದೆ ಬರುತ್ತದೆ, ಬರಲಿ. ಆದರೆ ಹಳೆಯ ಸ್ವರವಿದ್ದ ಕಾಲದಲ್ಲಿ ವಿಕ್ರೋಳಿಯ ನಮ್ಮವರಲ್ಲಿ ಯಾರೂ ನನ್ನನ್ನು ಕ್ಯಾಂಟೀನಿನ ಸಂಜೀವಣ್ಣ ಎನ್ನುತ್ತಿರಲಿಲ್ಲ. ಭಜನೆಯ ಸಂಜೀವಣ್ಣ ಎನ್ನುತ್ತಿದ್ದರು.

ಸ್ಟೇಶನ್ನಿನ ಹತ್ತಿರ, ಹಿಟ್ಟಿನ ಗಿರಣಿಯ ಮೇಲಿನ ಹಾಲಿನಲ್ಲಿ ನಮ್ಮ ಭಜನಾ ಮಂಡಳಿ. ಪ್ರತಿ ಶನಿವಾರ ಸಂಜೆ ಭಜನೆ. ಮುಂದೆ ಕುಳಿತು ಹಾಡು ಹೇಳಿಕೊಡುವವನು ನಾನು, ಹಿಂದಿನಿಂದ ಎಲ್ಲರೂ ಅದನ್ನು ಎತ್ತಿಕೊಳ್ಳಬೇಕು. ಹಾರ್ಮೋನಿಯಂ ವಾಮನಣ್ಣನದು. ರೈಲ್ವೆಯಿಂದ ರಿಟೈರ್ ಆದ, ಸಿಡುಕಿನ, ಒಳ್ಳೆಯ ಮನುಷ್ಯ. ಮಂಡಳಿಯ ಶ್ರುತಿ ಕಪ್ಪು ಮೂರು, ಅಂದರೆ ಹಾರ್ಮೋನಿಯಂನ ಮೂರನೆಯ ಕಪ್ಪು ಮನೆ, ಗಂಡಸರಿಗೆ ಬಹಳ ಎತ್ತರ. ಮಂಡಳಿ ಕಟ್ಟಿದ ಹಿರಿಯರು ಹಾಡುತ್ತಿದ್ದ ಶ್ರುತಿ ಅದು, ಯಾರೂ ಬದಲಿಸಿರಲಿಲ್ಲ. ಅದರ ಮೇಲೆ ನಿಂತು ಇನ್ನೂ ಮೇಲಕ್ಕೆ ಹೋಗುವುದು ನನಗೆ ಮೆಟ್ಟಿಲು ಹತ್ತಿದಷ್ಟು ಸಲೀಸಾಗಿತ್ತು. ನಾನು ಹಾಡಲು ಕುಳಿತರೆ ಕೆಳಗಿನ ಗಿರಣಿ ನಿಲ್ಲಿಸುತ್ತಿದ್ದರು ಎಂದರೆ ಸುಳ್ಳಾದೀತು. ಗಿರಣಿ ಓಡುತ್ತಿದ್ದರೂ ನನ್ನ ಸ್ವರ ರಸ್ತೆಗೆ ಕೇಳಿಸುತ್ತಿತ್ತು ಎಂಬುದು ಸತ್ಯ.

ಆಮೇಲೆ ಕುತ್ತಿಗೆಯಲ್ಲಿ ಒಂದು ಗಡ್ಡೆ ಎದ್ದಿತು. ಪರೇಲಿನ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಸ್ವರದ ನರ ಗಡ್ಡೆಗೆ ಅಂಟಿಕೊಂಡೇ ಇತ್ತಂತೆ. ಜೀವಕ್ಕೆ ಅಪಾಯವಿಲ್ಲ, ಮಾತು ಬರುತ್ತದೆ, ಹಾಡಿನ ಬಗ್ಗೆ ಮಾತ್ರ ಭರವಸೆ ಕೊಡಲಾರೆ ಎಂದು ಡಾಕ್ಟರು ನೇರವಾಗಿ ಹೇಳಿದರು. ಮಾತು ಬಂತು, ಪಂಕ್ಚರ್ ಆದ ಟೈರಿನಿಂದ ಗಾಳಿ ಬಂದ ಹಾಗೆ. ಕೆಲವು ತಿಂಗಳು ಕಾದು ಒಂದು ಶನಿವಾರ ಮಂಡಳಿಗೆ ಹೋದೆ. ವಾಮನಣ್ಣ ಕಪ್ಪು ಮೂರನ್ನು ಒತ್ತಿದ. ನಾನು ಬಾಯಿ ತೆರೆದೆ. ಮೊದಲ ಸಾಲು ಅರ್ಧಕ್ಕೆ ಸೀಳಿತು, ಎರಡನೆಯದು ಹೊರಗೇ ಬರಲಿಲ್ಲ. ತಾಳ ಹಿಡಿದವರು ತಲೆ ತಗ್ಗಿಸಿದರು. ಯಾರೋ ಎದ್ದು ಹೋಗಿ ಬಿಸಿನೀರು ತಂದು ನನ್ನ ಮುಂದಿಟ್ಟರು. ಆ ಬಿಸಿನೀರಿನ ಲೋಟ ನನಗೆ ಆಪರೇಷನ್ನಿಗಿಂತ ಹೆಚ್ಚು ನೋವು ಕೊಟ್ಟಿತು.

ಮನೆಗೆ ಬಂದವನೇ ನನ್ನ ಹಾರ್ಮೋನಿಯಂ ಅಟ್ಟಕ್ಕೇರಿಸಿದೆ. ಟಿವಿಯಲ್ಲಿ ಹಾಡು ಬಂದರೆ ಚಾನೆಲ್ ಬದಲಿಸಿದೆ. ಶನಿವಾರ ಸಂಜೆ ಕ್ಯಾಂಟೀನಿನಿಂದ ಬರುವಾಗ ಗಿರಣಿಯ ರಸ್ತೆ ಬಿಟ್ಟು ನಾಲೆಯ ಪಕ್ಕದ ನಾರುವ ದಾರಿ ಹಿಡಿದೆ. ಎರಡು ವರ್ಷ ಹೀಗೇ ನಡೆಯಿತು. ಚಪ್ಪಲಿಯ ಕೆಸರು ನೋಡಿ ಯಾವ ದಾರಿಯಿಂದ ಬಂದೆ ಎಂದು ಹೆಂಡತಿ ವಾರಿಜಳಿಗೆ ತಿಳಿಯುತ್ತಿತ್ತು.

ಕ್ಯಾಂಟೀನಿನಲ್ಲಿ ಬೇರೆಯೇ ಕಷ್ಟ. ಶಿಫ್ಟ್ ಬಿಟ್ಟ ಹೊತ್ತಿನ ಗದ್ದಲದಲ್ಲಿ ಕೂಗದೆ ಕೆಲಸ ನಡೆಯುವುದಿಲ್ಲ. ನನಗೆ ಕೂಗಲಾಗದು. ಆಗ ದೋಸೆ ಎಬ್ಬಿಸುವ ಸಟ್ಟುಗದಿಂದ ಕಾವಲಿಯ ಅಂಚಿಗೆ ಬಡಿಯಲು ಶುರು ಮಾಡಿದೆ. ಒಂದು ಏಟು ಎಂದರೆ ದೋಸೆ ತಯಾರು, ಎರಡು ಎಂದರೆ ಪ್ಲೇಟು ತನ್ನಿ, ಏಟಿನ ಹಿಂದೆ ಒಂದು ಸಣ್ಣ ಎಳೆತವಿದ್ದರೆ ಚಟ್ನಿ ಮುಗಿದಿದೆ ಎಂದರ್ಥ. ಹುಡುಗರು ಬೇಗ ಕಲಿತರು. ನಾನು ಮಾತೇ ಆಡದೆ ಅಷ್ಟು ದೊಡ್ಡ ಕ್ಯಾಂಟೀನು ನಡೆಸುತ್ತಿದ್ದೆ.

ಆ ವರ್ಷ ಮೃಗಶಿರ ಮಳೆಯ ಹೊತ್ತಿಗೆ ಪಾತ್ರೆ ತೊಳೆಯಲು ಹೊಸಬನೊಬ್ಬ ಬಂದ. ಬಸಪ್ಪ, ಕಲಬುರ್ಗಿಯ ಕಡೆಯವನು. ಮೊದಲು ಕಟ್ಟಡದ ಕೆಲಸದಲ್ಲಿದ್ದವನು, ಮಳೆಗೆ ಕೆಲಸ ನಿಂತು ನಮ್ಮಲ್ಲಿಗೆ ಬಂದಿದ್ದ. ನನ್ನದೇ ವಯಸ್ಸು. ಬಾಯಿಗೆ ಬಿಡುವಿಲ್ಲ. ಒಂದು ಮಧ್ಯಾಹ್ನ ಕೈ ಒರೆಸುತ್ತ ಕಾವಲಿಯ ಹತ್ತಿರ ಬಂದು ನಿಂತ.

"ಮಾಲಕರ, ಒಂದ್ ಮಾತ್ ಕೇಳ್ಲೇನ್ರಿ? ನೀವು ಪ್ಲೇಟ್ ಕರೀಲಿಕ್ಕ ಬಡೀತೀರೊ, ಭಜನಿಗಿ ಬಡೀತೀರೊ?"

"ಎಂತ ಭಜನೆ? ಹೋಗಿ ಕೆಲಸ ಮಾಡು," ಎಂದು ನನ್ನ ಗಾಳಿಯ ಸ್ವರದಲ್ಲಿ ಗದರಿಸಿದೆ.

"ಸಿಟ್ಟ್ಯಾಕ್ರಿ? ಎರಡ್ ಏಟ್ ಬಡೀರಿ ಅಂದ್ರ ನೀವು ಎಂಟ್ ಬಡೀಲಿಕ್ಕತ್ತೀರಿ. ಹುಡುಗ್ರು ಎಷ್ಟ್ ಪ್ಲೇಟ್ ತರೂದು ಅಂತ ಬಾಯಿ ಬಾಯಿ ಬಿಡಾಕತ್ತಾರ."

ತಿರುಗಿ ನೋಡಿದರೆ ನಿಜ. ಹುಡುಗರು ಕೈತುಂಬ ಪ್ಲೇಟು ಹಿಡಿದು ನಿಂತಿದ್ದರು. ನನ್ನ ಕೈ ತನ್ನಷ್ಟಕ್ಕೆ ಶನಿವಾರದ ನಾಮಾವಳಿಯ ನಡೆಯನ್ನು ಬಡಿಯುತ್ತಿತ್ತು. ಎಷ್ಟು ದಿನದಿಂದಲೋ ನನಗೇ ಗೊತ್ತಿಲ್ಲ. ಕಿವಿ ಮುಚ್ಚಿಕೊಂಡರೂ ಕೈ ಬಿಟ್ಟಿರಲಿಲ್ಲ. ನನಗೆ ನಗು ಬಂತು. ನನ್ನ ನಗುವನ್ನೇ ಅಪ್ಪಣೆ ಎಂದುಕೊಂಡು ಬಸಪ್ಪ ಪಾತ್ರೆಗಳ ನಡುವೆ ಕುಳಿತು ತಮ್ಮೂರಿನ ಏಕತಾರಿಯವರ ಒಂದು ಪದ ಎತ್ತಿಕೊಂಡ. ಸ್ವರ ಅಷ್ಟೇನೂ ಚೆನ್ನಾಗಿರಲಿಲ್ಲ, ಆದರೆ ಸಂಕೋಚವೆಂಬುದಿರಲಿಲ್ಲ. ಅಂದಿನಿಂದ ಅವನು ಹಾಡುವುದು, ನಾನು ಬಡಿಯುವುದು. ದೋಸೆ ತಿನ್ನುವ ಕಾರ್ಮಿಕರು ಬೆಂಚಿನ ಮೇಲೆ ಬೆರಳು ಕುಟ್ಟುತ್ತಿದ್ದರು.

ಶನಿವಾರ ಸಂಜೆ ಕಾವಲಿ ಇಳಿಸಿ ತೊಳೆಯುವುದು ನಮ್ಮ ಕ್ರಮ. ಇಬ್ಬರು ಎತ್ತಬೇಕಾದ ದಪ್ಪ ಕಬ್ಬಿಣದ ಹಲಗೆ. ತೊಳೆದು ಎಣ್ಣೆ ಸವರುವ ಮೊದಲು, ನೀರು ಇಳಿಯಲೆಂದು ಹಿಡಿಕೆಯ ಬಳೆಯನ್ನು ಕೊಕ್ಕೆಗೆ ಸಿಕ್ಕಿಸಿ ತೂಗುಹಾಕುತ್ತೇವೆ. ಆಷಾಢದ ಒಂದು ಶನಿವಾರ ಹಾಗೆ ತೂಗುಹಾಕಿದ್ದಾಗ ಬಸಪ್ಪನ ಕೈಯ ಸಟ್ಟುಗ ಅದಕ್ಕೆ ತಾಗಿತು. ಗುಂಯ್ ಎಂದು ಒಂದು ನಾದ ಎದ್ದಿತು, ದೇವಸ್ಥಾನದ ದೊಡ್ಡ ಗಂಟೆ ಬಡಿದಾದ ಮೇಲೆ ಉಳಿಯುತ್ತದಲ್ಲ, ಅಂಥದು. ತಗ್ಗಿನ, ಅಗಲವಾದ ನಾದ. ನಾನು ಬಕೆಟ್ ಹಿಡಿದು ನಿಂತಿದ್ದೆ. ನನಗೆ ತಿಳಿಯದೆಯೇ ನನ್ನ ಗಂಟಲು ಅದರ ಜೊತೆ ಹೂಂ ಎಂದಿತು. ಸೀಳಲಿಲ್ಲ, ಜಾರಲಿಲ್ಲ. ಕಬ್ಬಿಣದ ನಾದ ಅಡಗಿತು. ನನ್ನದು ನಿಂತೇ ಇತ್ತು.

"ಇನ್ನೊಮ್ಮೆ ಬಡಿ," ಎಂದೆ.

"ಯಾಕ್ರಿ ಮಾಲಕರ?"

"ಬಡಿ ಮಾರಾಯ!"

ಬಡಿದ. ನನ್ನ ಸ್ವರ ಮತ್ತೆ ಅದರ ಮೇಲೆ ನಿಂತಿತು. ಅಲ್ಲಿಂದ ಎರಡು ಸ್ವರ ಮೇಲೆ ಹತ್ತಿದೆ, ಇಳಿದೆ, ಕೆಳಗೂ ಹೋದೆ. ಎರಡು ವರ್ಷ ನಾನು ಎತ್ತರದಲ್ಲಿ ಹುಡುಕಿದ್ದು ತಳದಲ್ಲಿ ಕುಳಿತಿತ್ತು. ಬಸಪ್ಪ ಸಟ್ಟುಗ ಹಿಡಿದುಕೊಂಡೇ ಬಾಯಿ ತೆರೆದು ನೋಡುತ್ತಿದ್ದ. "ನೀವು ಹಾಡೋರು ಅಂತ ಹೇಳೇ ಇಲ್ಲಲ್ರಿ! ದನಿ ಅಗ್ದಿ ಭೂಮಿಯೊಳಗಿಂದ ಬಂದಂಗ ಅದ," ಎಂದ. ಆ ಮಾತನ್ನು ನಾನು ಇಂದಿಗೂ ಮರೆತಿಲ್ಲ. ನನ್ನ ಮೊದಲಿನ ಸ್ವರ ಕೇಳದವನು ಅವನೊಬ್ಬನೇ. ಹೋಲಿಸಿ ಮರುಗಲು ಅವನ ಹತ್ತಿರ ಹಳೆಯದೇನೂ ಇರಲಿಲ್ಲ.

ಮನೆಗೆ ಓಡಿದೆ ಎಂದೇ ಹೇಳಬೇಕು. ಸ್ಟೂಲ್ ಹತ್ತಿ ಅಟ್ಟಕ್ಕೆ ಕೈ ಹಾಕಿದಾಗ ವಾರಿಜ ಅಡುಗೆಮನೆಯಿಂದ ಬಂದಳು.

"ಎಂತ ಹುಡುಕುದು?"

"ಹಾರ್ಮೋನಿಯಂ. ತಿದಿಯನ್ನೆಲ್ಲ ಜಿರಲೆ ತಿಂದಿರ್ಬಹುದು ಈಗ."

"ಎಂತ ತಿನ್ನುದು? ಪ್ರತಿ ಮಳೆಗಾಲಕ್ಕೆ ನುಸಿಗುಳಿಗೆ ಬದಲು ಮಾಡಿದ್ದು ಯಾರು?"

ನಾನು ಸ್ಟೂಲಿನ ಮೇಲೆಯೇ ನಿಂತುಬಿಟ್ಟೆ. "ನೀನು ಹೇಳ್ಲೇ ಇಲ್ಲ ಅಲ್ವಾ?"

"ನೀವು ಕೇಳಿದ್ರಾ?" ಎಂದಳು. "ಮೆಲ್ಲ ಇಳೀರಿ. ಬಿದ್ರೆ ಅದೂ ಹೋಗ್ತದೆ, ನೀವೂ ಹೋಗ್ತೀರಿ."

ಪೆಟ್ಟಿಗೆಯೊಳಗೆ ಬಿಳೀ ಹೊಸ ಗುಳಿಗೆಗಳಿದ್ದವು. ನಾನು ಬಿಟ್ಟರೂ ಅವಳು ಬಿಟ್ಟಿರಲಿಲ್ಲ. ತಿದಿ ಒತ್ತಿದಾಗ ಗಾಳಿ ಸ್ವಲ್ಪವೂ ಸೋರಲಿಲ್ಲ. ಕಾವಲಿಯ ನಾದವನ್ನು ಕಿವಿಯಲ್ಲಿಟ್ಟುಕೊಂಡು ಒಂದೊಂದೇ ಮನೆ ಒತ್ತಿ ನೋಡಿದೆ. ಸಿಕ್ಕಿತು. ಎಡಗಡೆಯ, ಕೆಳಗಿನ ಸಪ್ತಕದ ಬಿಳಿ ಆರು. ಹಾಡುವಾಗ ಗಂಡಸರಾರೂ ಬೆರಳಿಡದ ಜಾಗ.

ಕಿಟಕಿ ಮುಚ್ಚಿ ಅಭ್ಯಾಸಕ್ಕೆ ಕುಳಿತೆ. ನಮ್ಮ ಬಿಲ್ಡಿಂಗಿನಲ್ಲಿ ನನ್ನ ಹಳೆಯ ಸ್ವರ ಕೇಳದವರಿಲ್ಲ. ಅವರ ಅಯ್ಯೋ ಪಾಪ ನನಗೆ ಬೇಡವಾಗಿತ್ತು. ಮಳೆಗಾಲದಲ್ಲಿ ಕಿಟಕಿ ಮುಚ್ಚಿದರೆ ಮುಂಬಯಿಯ ಒಂದು ಕೋಣೆ ಇಡ್ಲಿಯ ಪಾತ್ರೆಯಂತೆ ಬೇಯುತ್ತದೆ. ಬೆವರು ಸುರಿಸಿಕೊಂಡು ಹಾಡಿದೆ. ಓಡುತ್ತಿದ್ದ ಹಾಡುಗಳನ್ನೆಲ್ಲ ನಿಧಾನ ಮಾಡಬೇಕಾಯಿತು. ಉಸಿರು ಬೇಗ ಮುಗಿಯುತ್ತಿತ್ತು, ಸಾಲನ್ನು ಎಲ್ಲಿ ಮುರಿಯಬೇಕೆಂದು ಹೊಸದಾಗಿ ಕಲಿಯಬೇಕಾಯಿತು. ಹಾಗೆ ಮುರಿದಾಗಲೇ ಎಷ್ಟೋ ಮಾತುಗಳ ಅರ್ಥ ನನಗೆ ಮೊದಲ ಸಲ ಹೊಳೆಯಿತು. ಮೊದಲೆಲ್ಲ ನಾನು ಹಾಡಿಗಿಂತ ಮುಂದೆ ಓಡಿ ನಿಂತು ಚಪ್ಪಾಳೆಗೆ ಕಾಯುತ್ತಿದ್ದೆನೋ ಏನೋ.

ಶ್ರಾವಣ ಹತ್ತಿರ ಬಂದಾಗ ವಾಮನಣ್ಣನ ಮನೆಗೆ ಹೋಗಿ ಹಾಡಿ ತೋರಿಸಿದೆ. ಕಣ್ಣು ಮುಚ್ಚಿ ಕೇಳಿದ. ಕೊನೆಗೆ ಹೇಳಿದ: "ಚಂದ ಉಂಟು ಸಂಜೀವ. ಸುಳ್ಳು ಹೇಳುದಿಲ್ಲ ನಾನು. ಆದ್ರೆ ಒಬ್ಬನಿಗೋಸ್ಕರ ಇಡೀ ಮಂಡಳಿಯನ್ನು ಕೆಳಗೆ ಇಳಿಸ್ಲಿಕ್ಕೆ ಆಗ್ತದಾ? ಹಿರಿಯರು ಇಟ್ಟ ಶ್ರುತಿ ಅದು."

ನಾನು ಬೇಡಿಕೊಳ್ಳುವ ಜಾತಿಯಲ್ಲ. "ಸರಿ," ಎಂದು ಎದ್ದೆ.

"ಅರ್ಧ ಏಕಾಹದ ದಿನ ಅಡುಗೆಗೆ ಬರ್ತೀಯಲ್ಲ?" ಎಂದು ಹಿಂದಿನಿಂದ ಕೇಳಿದ. ಅದಕ್ಕೂ ಸರಿ ಎಂದೆ.

ಅರ್ಧ ಏಕಾಹ ಎಂದರೆ ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ಎಡೆಬಿಡದ ಭಜನೆ. ದೀಪ ಹಚ್ಚಿ ತಾಳ ಎತ್ತಿದರೆ ಸಂಜೆಯ ಮಂಗಳಾರತಿಯವರೆಗೆ ತಾಳವೂ ನಿಲ್ಲಬಾರದು, ನಾಮವೂ ನಿಲ್ಲಬಾರದು. ಒಂದೇ ಮಂಡಳಿಯಿಂದ ಇದು ಆಗುವ ಕೆಲಸವಲ್ಲ. ಮಾಟುಂಗ, ಠಾಣೆ, ಡೊಂಬಿವಲಿ ಎಂದು ಬೇರೆ ಬೇರೆ ಕಡೆಯ ಮಂಡಳಿಗಳು ಗಂಟೆಗೆ ಒಂದರಂತೆ ಬಂದು ಕೂರುತ್ತವೆ. ಬಂದವರ ತಾಳ ಹೋಗುವವರ ತಾಳಕ್ಕೆ ಸೇರಿದ ಮೇಲೆಯೇ ಹೋಗುವವರು ಏಳುವುದು. ನಮ್ಮ ಮಂಡಳಿ ಹುಟ್ಟಿದಂದಿನಿಂದ ಅದು ಒಮ್ಮೆಯೂ ಕಡಿದಿರಲಿಲ್ಲ.

ಆ ಭಾನುವಾರ ಬೆಳಿಗ್ಗೆಯೇ ಆಕಾಶ ಕಪ್ಪಾಗಿತ್ತು. ನಾನು, ವಾರಿಜ, ಪಾತ್ರೆ ಹೊರಲು ಬಂದ ಬಸಪ್ಪ, ಮೂವರೂ ಹಾಲಿನ ಹಿಂದಿನ ಅಡುಗೆಕೋಣೆಯಲ್ಲಿದ್ದೆವು. ನನ್ನ ಜಾಗದಲ್ಲಿ ಈಗ ಹಾಡು ಹೇಳಿಕೊಡುತ್ತಿದ್ದವನು ಸುಕುಮಾರ. ಬ್ಯಾಂಕಿನಲ್ಲಿ ಕೆಲಸ, ಚೂಪಾದ ಸ್ವರ, ಅದಕ್ಕಿಂತ ಚೂಪಾದ ನಾಲಿಗೆ. ಬಾಗಿಲಲ್ಲಿ ಇಣುಕಿ, "ಸಂಜೀವಣ್ಣ, ನಿಮ್ಮ ಒಗ್ಗರಣೆ ಮಾತ್ರ ಇನ್ನೂ ಕಪ್ಪು ಮೂರರಲ್ಲೇ ಉಂಟು ಮಾರ್ರೆ!" ಎಂದು ನಕ್ಕು ಹೋದ. ನಾನು ಕಡಲೆಯನ್ನು ಬಾಣಲೆಗೆ ಸುರಿದೆ.

ಇಂಥ ದಿನಗಳಲ್ಲಿ ನಮ್ಮವರು ಯಾವಾಗಲೂ ಒಂದು ತಪ್ಪು ಮಾಡುತ್ತಾರೆ. ಬೆಳಗಿನ ಹುರುಪಿನಲ್ಲಿ, ಬೇರೆ ಮಂಡಳಿಯವರ ಮುಂದೆ ಕಡಿಮೆಯಾಗಬಾರದೆಂದು, ಕಪ್ಪು ಮೂರರಲ್ಲಿ ಕೂಗಿ ಕೂಗಿ ಮಧ್ಯಾಹ್ನಕ್ಕೇ ಗಂಟಲು ಖಾಲಿ ಮಾಡಿಕೊಳ್ಳುತ್ತಾರೆ. ಹೇಗಿದ್ದರೂ ಮುಂದಿನವರು ಬರುತ್ತಾರಲ್ಲ ಎಂಬ ಧೈರ್ಯ. ಅಂದು ಮುಂದಿನವರು ಬರಲಿಲ್ಲ. ಮಾಟುಂಗದವರು ಹೇಗೋ ಬಂದು ಹಾಡಿ ಹೋಗಿದ್ದರು. ಆಮೇಲೆ ಕುರ್ಲಾದಲ್ಲಿ ಹಳಿಯ ಮೇಲೆ ನೀರು ನಿಂತು ಲೋಕಲ್ ರೈಲು ನಿಂತುಹೋಯಿತು. ಡೊಂಬಿವಲಿಯವರು ಠಾಣೆಯ ಈಚೆ ಗಾಡಿಯೊಳಗೇ ಸಿಕ್ಕಿಬಿದ್ದಿದ್ದೇವೆಂದು ಫೋನ್ ಮಾಡಿದರು. ಠಾಣೆಯವರು ಮನೆಯಿಂದಲೇ ಹೊರಡಲಿಲ್ಲ. ಸೂರ್ಯಾಸ್ತಕ್ಕೆ ಇನ್ನೂ ಬಹಳ ಹೊತ್ತಿತ್ತು.

ನಮ್ಮವರು ಮತ್ತೆ ಕುಳಿತರು. ಬೆಳಗಿನಿಂದ ಹಾಡಿದವರೇ. ಅಡುಗೆಕೋಣೆಗೆ ನನಗೆ ಎಲ್ಲ ಕೇಳಿಸುತ್ತಿತ್ತು. ಸುಕುಮಾರನ ಸ್ವರದ ಅಂಚು ಹರಿಯಿತು. ಇನ್ನೊಬ್ಬ ಎತ್ತಿಕೊಂಡ, ಕೆಮ್ಮಿದ. ಹೆಂಗಸರು ಸ್ವಲ್ಪ ಹೊತ್ತು ಹಿಡಿದರು, ಅವರೂ ದಣಿದಿದ್ದರು. ಮತ್ತೆ ಸುಕುಮಾರ. ನಾಮ ಸಣ್ಣದಾಗುತ್ತ ಬಂತು, ತಾಳ ಮಾತ್ರ ಕೇಳಿಸತೊಡಗಿತು. ಅಷ್ಟರಲ್ಲಿ ಯಾರೋ ಬಾಗಿಲಿಗೆ ಬಂದು, "ಸಂಜೀವಣ್ಣ, ಸುಕುಮಾರನಿಗೆ ಒಂದು ಲೋಟ ಬಿಸಿನೀರು!" ಎಂದರು.

ನೀರು ಬಗ್ಗಿಸಿದೆ. ಬಸಪ್ಪ ಕೈ ಚಾಚಿದ, ಕೊಡಲಿಲ್ಲ. ನಾನೇ ತೆಗೆದುಕೊಂಡು ಹೋದೆ. ಲೋಟ ಮುಂದಿಟ್ಟಾಗ ಸುಕುಮಾರ ಅದನ್ನು ನೋಡಿದ ರೀತಿ ನನಗೆ ಚೆನ್ನಾಗಿ ಗೊತ್ತಿತ್ತು. ಎರಡು ವರ್ಷದ ಹಿಂದೆ ಆ ಲೋಟವನ್ನು ನಾನೂ ಹಾಗೆಯೇ ನೋಡಿದ್ದೆ. ಕೈಯಲ್ಲಿ ಒಗ್ಗರಣೆಯ ಎಣ್ಣೆಯ ವಾಸನೆಯಿತ್ತು, ಲುಂಗಿ ಮೊಣಕಾಲಿಗೆ ಕಟ್ಟಿತ್ತು. ಹಾಗೆಯೇ ಅವನ ಪಕ್ಕದಲ್ಲಿ ಕುಳಿತೆ.

"ನೀನು ಕುಡಿ. ನಾನು ಹಿಡೀತೇನೆ," ಎಂದೆ.

ಅವನು ಮೈಕನ್ನು ನನ್ನ ಕಡೆ ತಿರುಗಿಸಿದ. ನಾನು ವಾಮನಣ್ಣನ ಮುಖ ನೋಡಿದೆ. "ಕೆಳಗಿನ ಬಿಳಿ ಆರು."

"ಸಂಜೀವ, ತಾಳ ನಡೀತಾ ಉಂಟು. ಈಗ ಶ್ರುತಿ ಬದಲಿಸಿದ್ರೆ..."

"ತಾಳ ನಿಲ್ಲುದಿಲ್ಲ. ನೀನು ಇಳಿಸು ವಾಮನಣ್ಣ."

ಒಂದು ಗಳಿಗೆ ಅವನ ಬೆರಳು ಕಪ್ಪು ಮೂರರ ಮೇಲೆಯೇ ಇತ್ತು. ಆಮೇಲೆ ಎಡಕ್ಕೆ ಸರಿಯಿತು, ಇನ್ನೂ ಎಡಕ್ಕೆ. ಹಾಲಿನ ನೆಲದಿಂದ ಎದ್ದಂತೆ ಆ ನಾದ ಬಂತು. ನಾನು ವಿಠಲನ ನಾಮವನ್ನು ಅದರ ಮೇಲೆ ಇಟ್ಟೆ.

ಹಳೆಯ ಸ್ವರಕ್ಕೆ ಮೈಕೇ ಬೇಡವಾಗಿತ್ತು, ಈ ಸ್ವರಕ್ಕೆ ಮೈಕು ಹೇಳಿ ಮಾಡಿಸಿದಂತಿತ್ತು. ಮೊದಲ ಸಲ ಯಾರೂ ಎತ್ತಿಕೊಳ್ಳಲಿಲ್ಲ. ಅಷ್ಟು ಕೆಳಗೆ ಅವರು ಎಂದೂ ಹಾಡಿದವರಲ್ಲ. ಎರಡನೆಯ ಸಲ ಬಾಗಿಲ ಕಡೆಯಿಂದ ಒಂದೇ ಒಂದು ಸ್ವರ ಬಂತು, ಬಸಪ್ಪನದು. ಒಲೆ ಬಿಟ್ಟು ಬಂದು ಚೌಕಟ್ಟಿಗೆ ಸಟ್ಟುಗದಿಂದ ಬಡಿಯುತ್ತ ನಿಂತಿದ್ದ. ಅವನ ಹಿಂದೆ ವಾರಿಜ. ಆಮೇಲೆ ತಾಳದವರು, ಆಮೇಲೆ ಹರಿದ ಗಂಟಲಿನ ಎಲ್ಲರೂ. ಕೂಗಬೇಕಾಗಿರಲಿಲ್ಲ, ಬಾಯಿ ತೆರೆದರೆ ಸಾಕಿತ್ತು. ವರ್ಷಗಟ್ಟಲೆ ಹಿಂದಿನ ಗೋಡೆಗೆ ಒರಗಿ, ನಮ್ಮ ಸ್ವರ ಅಲ್ಲಿಗೆ ಏರುವುದಿಲ್ಲಪ್ಪ ಎಂದು ಬರೀ ಚಪ್ಪಾಳೆ ತಟ್ಟುತ್ತಿದ್ದ ಗಂಡಸರು ಅಂದು ಮೊದಲ ಸಲ ಹಾಡಿದರು. ಅಷ್ಟೊಂದು ಜನರ ದಪ್ಪ ಸ್ವರ ಒಟ್ಟಾದಾಗ ಕಿಟಕಿಯ ಗಾಜು ಅದುರಿತು. ಗಿರಣಿಗೆ ಅಂದು ರಜೆ, ಅದುರಿಸಿದ್ದು ನಾವೇ.

ಲೋಕಲ್ ಸಿಗದೆ ಸ್ಟೇಶನ್ನಿನಿಂದ ಹಿಂದಿರುಗಿದವರು ಮಳೆಗೆ ನಮ್ಮ ಮೆಟ್ಟಿಲಲ್ಲಿ ನಿಂತಿದ್ದರು. ಒಬ್ಬೊಬ್ಬರಾಗಿ ಚಪ್ಪಲಿ ಬಿಟ್ಟು ಒಳಗೆ ಬಂದರು. ತರಕಾರಿ ಬುಟ್ಟಿಯ ಮರಾಠಿ ಹೆಂಗಸೊಬ್ಬಳು ಬುಟ್ಟಿಯನ್ನು ಮೂಲೆಗಿಟ್ಟು, ಒದ್ದೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಚಪ್ಪಾಳೆ ಹಿಡಿದಳು. ವಿಠಲನನ್ನು ಅವಳಿಗೆ ನಾವು ಪರಿಚಯ ಮಾಡಿಕೊಡಬೇಕಾಗಿರಲಿಲ್ಲ. ಹಾಲಿನಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ. ನನ್ನ ಉಸಿರು ಮುಗಿದಲ್ಲಿ ನಾನು ನಿಲ್ಲುತ್ತಿದ್ದೆ. ಆ ಖಾಲಿಯನ್ನು ಅವರು ತುಂಬುತ್ತಿದ್ದರು. ಹಳೆಯ ಸ್ವರವಿದ್ದಾಗ ನಾನು ಯಾರಿಗೂ ಅಷ್ಟು ಜಾಗ ಬಿಟ್ಟವನಲ್ಲ.

ಮೋಡದಲ್ಲಿ ಸೂರ್ಯ ಮುಳುಗಿದ್ದು ಯಾರಿಗೂ ಕಾಣಲಿಲ್ಲ. ಪಂಚಾಂಗದ ಹೊತ್ತು ಆಯಿತೆಂದು ಪುರೋಹಿತರು ಆರತಿಯ ತಟ್ಟೆ ಹಿಡಿದು ನಿಂತರು. ನಾವು ನಿಲ್ಲಿಸಲಿಲ್ಲ. ಅವರು ಗಂಟಲು ಸರಿಪಡಿಸಿಕೊಂಡರು. ಆಗಲೂ ನಿಲ್ಲಿಸಲಿಲ್ಲ. ಕೊನೆಗೆ ಅವರೂ ತಟ್ಟೆ ಕೆಳಗಿಟ್ಟು ಚಪ್ಪಾಳೆಗೆ ಸೇರಿದರು. ಮಂಗಳಾರತಿ ಆದಾಗ ಹೊರಗೆ ಬೀದಿದೀಪ ಹತ್ತಿತ್ತು. ಭಜನೆ ಕಡಿದಿರಲಿಲ್ಲ.

ಸುಕುಮಾರ ಹೋದ ಗಂಟಲಿನಲ್ಲೇ ಹೇಳಿದ: "ಸಂಜೀವಣ್ಣ, ಭಜನೆ ಉಳೀತು. ಒಗ್ಗರಣೆ ಸೀದು ಹೋಯ್ತು ಮಾರ್ರೆ."

ಹೌದು, ಸಣ್ಣ ಉರಿಯಲ್ಲಿದ್ದ ಕಡಲೆಯ ಉಸ್ಲಿ ತಳ ಹಿಡಿದು ಹೊಗೆ ಭಜನೆಯ ಹಾಲಿಗೇ ಬಂದಿತ್ತು. "ಒಲಿ ನೋಡ್ಕೊ ಅಂತ ನನಗ ಯಾರೂ ಹೇಳಿಲ್ರಿ," ಎಂದು ಬಸಪ್ಪ ಮೊದಲೇ ಕೈ ಎತ್ತಿದ. ಎಲ್ಲರೂ ನಕ್ಕರು. ಸೀದ ಉಸ್ಲಿಯನ್ನೇ ಎಲ್ಲರಿಗೂ ಹಂಚಿದೆವು. ತರಕಾರಿಯ ಹೆಂಗಸು ಎರಡನೆಯ ಸಲ ಕೇಳಿ ಹಾಕಿಸಿಕೊಂಡಳು. ಅಡುಗೆಯವನಾದ ನಾನು ಸೀದದ್ದನ್ನು ಬಡಿಸಿ ಹೆಮ್ಮೆಪಟ್ಟದ್ದು ಅದೊಂದೇ ದಿನ.

ಮುಂದಿನ ಶನಿವಾರ ಗಿರಣಿಯ ರಸ್ತೆಯಿಂದಲೇ ಹೋಗಿ, ಮೆಟ್ಟಿಲು ಹತ್ತಿ ಕುಳಿತೆ. ನನ್ನ ಕಡೆ ನೋಡದೆಯೇ ವಾಮನಣ್ಣ ಬೆರಳನ್ನು ಎಡಕ್ಕೆ ಸರಿಸಿ ಕಾದ. ಈಗ ನಮ್ಮ ಅರ್ಧ ಏಕಾಹ ಬೆಳಿಗ್ಗೆ ಕಪ್ಪು ಮೂರರಲ್ಲಿ ಏಳುತ್ತದೆ, ಹೊತ್ತು ಇಳಿದ ಹಾಗೆ ಬಿಳಿ ಆರಕ್ಕೆ ಇಳಿಯುತ್ತದೆ. ಬೆಳಿಗ್ಗೆ ಸುಕುಮಾರ, ಸಂಜೆ ನಾನು. ಹೊಸದಾಗಿ ಸೇರಿದವರು ಯಾಕೆ ಹೀಗೆ ಎಂದರೆ, ಇದು ನಮ್ಮ ಮಂಡಳಿಯ ಕ್ರಮ ಎಂದು ವಾಮನಣ್ಣ ಸಿಡುಕುತ್ತಾನೆ, ಹಿರಿಯರೇ ಹಾಗೆ ಇಟ್ಟುಹೋದವರಂತೆ.

ಮೊನ್ನೆ ಪೆಟ್ಟಿಗೆಯಿಂದ ನುಸಿಗುಳಿಗೆಗಳನ್ನು ಹೆಕ್ಕಿ ವಾರಿಜಳ ಕೈಗೆ ಕೊಟ್ಟೆ. ತಿದಿ ಒತ್ತಿದೆ, ಗಾಳಿ ತುಂಬಿತು. ಮಳೆಯ ಇರಚಲು ಒಳಗೆ ಬರುತ್ತಿತ್ತು.

"ಕಿಟಕಿ ಹಾಕ್ಲಾ?" ಎಂದಳು.

"ಬೇಡ. ತೆರೆದೇ ಇರ್ಲಿ," ಎಂದೆ. "ಬಿಲ್ಡಿಂಗಿನವರಿಗೆ ಕೇಳ್ಬೇಡ್ವಾ?"